ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್, 28 ದಿನದ ಇಂಜೆಕ್ಷನ್: ಯಾರಿಗೆ ಯಾವುದು, ಯಾಕೆ

"ಅತ್ತಿಗೆಗೆ ಟ್ಯಾಮಾಕ್ಸಿಫೆನ್ ಕೊಟ್ಟಿದ್ದಾರೆ, ದೊಡ್ಡಮ್ಮನಿಗೆ ಲೆಟ್ರೊಜೋಲ್. ಕಾಯಿಲೆ ಒಂದೇ ಅಲ್ವಾ? ಎರಡರಲ್ಲಿ ಒಳ್ಳೇದು ಯಾವುದು?" ಕೇರಳದ ಕಾಸರಗೋಡಿನಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ನಡೆದ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಎರಡು ಮಾತ್ರೆಗಳನ್ನು ಅಕ್ಕಪಕ್ಕ ಇಟ್ಟು ತೂಗಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಮೊದಲು ಕೇಳಬೇಕಾದ್ದು ಬೇರೆ: ಈ ಹೆಂಗಸಿನ ಮೈಯಲ್ಲಿ ಈಸ್ಟ್ರೊಜೆನ್ ಎಲ್ಲಿ ತಯಾರಾಗುತ್ತಿದೆ? ಅಂಡಾಶಯದಲ್ಲೋ, ಅಂಡಾಶಯ ಕೆಲಸ ನಿಲ್ಲಿಸಿದ ಮೇಲೆ ಮೈಯ ಕೊಬ್ಬಿನಲ್ಲೋ? ಔಷಧದ ಆಯ್ಕೆಯ ಬಹುಭಾಗ ಆ ಒಂದು ಉತ್ತರದ ಮೇಲೆ ನಿಂತಿದೆ.

ಇಲ್ಲಿ ಬರೆದದ್ದು ಡಾಕ್ಟರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳುವುದಕ್ಕೆ. ಮನೆಯಲ್ಲೇ ಮಾತ್ರೆ ಬದಲಿಸುವುದಕ್ಕೆ ಖಂಡಿತ ಅಲ್ಲ. ದೊಡ್ಡಮ್ಮನ ಮಾತ್ರೆಯನ್ನು ಅತ್ತಿಗೆ ನುಂಗಿದರೆ ಉಪಯೋಗ ಇಲ್ಲದಿರುವುದು ಮಾತ್ರವಲ್ಲ, ತಿರುಗುಬಾಣವೂ ಆಗಬಹುದು. ಅದು ಹೇಗೆ ಎಂಬುದು ಮುಂದೆ ಬರುತ್ತದೆ.

ಕೋಶದೊಳಗೆ ಈಸ್ಟ್ರೊಜೆನ್ ಮಾಡುವ ಕೆಲಸ

ಈಸ್ಟ್ರೊಜೆನ್ ಕೊಬ್ಬಿನ ಜಾತಿಯ ಚಿಕ್ಕ ಅಣು. ಕೋಶದ ಪೊರೆ ಅದಕ್ಕೆ ಅಡ್ಡಿಯಲ್ಲ, ರಕ್ತದಿಂದ ಸಲೀಸಾಗಿ ಒಳಗೆ ಬರುತ್ತದೆ. ಕೋಶಕೇಂದ್ರದಲ್ಲಿ ಅದಕ್ಕಾಗಿ ಕಾದಿರುವ ಪ್ರೋಟೀನೇ ಈಸ್ಟ್ರೊಜೆನ್ ಗ್ರಾಹಕ. ರಿಪೋರ್ಟಿನಲ್ಲಿ ಇಆರ್ ಎಂದು ಬರೆಯುವುದು ಇದನ್ನು. 595 ಅಮೈನೊ ಆಮ್ಲಗಳ ಸರಪಣಿ. ಇದನ್ನು ಮಾಡಿಸುವ ಜೀನು ಇಎಸ್‌ಆರ್1, 6ನೇ ಕ್ರೋಮೋಸೋಮಿನಲ್ಲಿದೆ. ಗ್ರಾಹಕದ ನಡುವೆ ಒಂದು ಗುಳಿ ಇದೆ. ಈಸ್ಟ್ರೊಜೆನ್‌ಗಳಲ್ಲಿ ಬಲವಾದ ಈಸ್ಟ್ರಡಯಾಲ್ ಆ ಗುಳಿಯಲ್ಲಿ ಕೂತೊಡನೆ ಸರಪಣಿಯ 12ನೇ ಸುರುಳಿ ಕರಡಿಗೆಯ ಮುಚ್ಚಳದಂತೆ ಅದರ ಮೇಲೆ ಮಡಚಿಕೊಳ್ಳುತ್ತದೆ. ಮುಚ್ಚಳ ಸರಿಯಾಗಿ ಕೂತರೆ ಹೊರಮೈಯಲ್ಲಿ ಒಂದು ಸೀಳು ಸಿದ್ಧವಾಗುತ್ತದೆ. ಜೀನನ್ನು ಓದಿಸಲು ಬೇಕಾದ ಸಹಾಯಕ ಪ್ರೋಟೀನುಗಳು ಬಂದು ಕಚ್ಚಿಕೊಳ್ಳುವುದು ಆ ಸೀಳಿಗೆ. ಈ ಮುಚ್ಚಳವನ್ನು ನೆನಪಿಟ್ಟುಕೊಳ್ಳಿ. ಟ್ಯಾಮಾಕ್ಸಿಫೆನ್ ಕೆಡಿಸುವುದು ಇದನ್ನೇ.

ಹೀಗೆ ಸಜ್ಜಾದ ಗ್ರಾಹಕಗಳು ಜೋಡಿಯಾಗಿ ಡಿಎನ್‌ಎಯನ್ನು ಹಿಡಿಯುತ್ತವೆ. ಅವು ಹುಡುಕುವ ಗುರುತು 13 ಅಕ್ಷರದ್ದು: ಜಿಜಿಟಿಸಿಎ, ನಡುವೆ ಯಾವುದಾದರೂ ಮೂರು ಅಕ್ಷರ, ಆಮೇಲೆ ಟಿಜಿಎಸಿಸಿ. ಡಿಎನ್‌ಎಯ ಎರಡು ಎಳೆಗಳಲ್ಲಿ ಯಾವುದನ್ನು ಓದಿದರೂ ಅದೇ ಸಾಲು ಬರುತ್ತದೆ, ಜೋಡಿಯ ಒಂದೊಂದು ಗ್ರಾಹಕಕ್ಕೆ ಒಂದೊಂದು ಅರ್ಧ. ಆದರೆ ಡಿಎನ್‌ಎ ಬಿಗಿಯಾಗಿ ಸುತ್ತಿಕೊಂಡಿರುವ ವಸ್ತು, ಗುರುತು ಇದ್ದಲ್ಲೆಲ್ಲ ಹಿಡಿಯಲು ಆಗದು. ಫಾಕ್ಸ್‌ಎ1 ಎಂಬ ಇನ್ನೊಂದು ಪ್ರೋಟೀನು ಮೊದಲೇ ಹೋಗಿ ಸುತ್ತು ಸಡಿಲಿಸಿದ ಕಡೆಯೇ ಗ್ರಾಹಕಕ್ಕೆ ಹೆಚ್ಚಾಗಿ ದಾರಿ ಸಿಗುವುದು. ಅಂಥ ಜಾಗಗಳು ಸಾವಿರಾರು. ಬಹುಪಾಲು ಜಾಗಗಳು ಜೀನಿನ ಬಾಗಿಲಲ್ಲಿಲ್ಲ, ದೂರದಲ್ಲಿವೆ. ಡಿಎನ್‌ಎ ಬಳ್ಳಿಯಂತೆ ಬಾಗಿ ದೂರದ ಜಾಗವನ್ನು ಜೀನಿನ ಹತ್ತಿರ ತರುತ್ತದೆ.

ಎಚ್ಚರಗೊಳ್ಳುವ ಜೀನುಗಳಲ್ಲಿ ಕೋಶ ಒಡೆದು ಎರಡಾಗುವಂತೆ ತಳ್ಳುವ ಮಿಕ್ ಮತ್ತು ಸೈಕ್ಲಿನ್ ಡಿ1 ಇವೆ, ಬೆಳವಣಿಗೆಗೆ ಬೇಕಾದ ಜಿಆರ್‌ಇಬಿ1 ಇದೆ, ಪ್ರೊಜೆಸ್ಟೆರಾನ್ ಗ್ರಾಹಕದ ಜೀನು ಇದೆ. ಇನ್ನೊಂದಷ್ಟು ಜೀನುಗಳ ಬಾಯಿಯನ್ನು ಗ್ರಾಹಕ ಮುಚ್ಚುತ್ತದೆ, ಕೋಶ ತಾನಾಗಿ ಸಾಯಲು ನೆರವಾಗುವಂಥವು ಅವುಗಳಲ್ಲಿ ಸೇರಿವೆ. ಸ್ತನದ ಆರೋಗ್ಯವಂತ ಕೋಶದಲ್ಲಿ ಈ ಏರ್ಪಾಡಿಗೆ ಹದ್ದುಬಸ್ತು ಇರುತ್ತದೆ. ಇಆರ್ ಪಾಸಿಟಿವ್ ಕ್ಯಾನ್ಸರಿನಲ್ಲಿ ಕೋಶ ಇದರ ಮೇಲೇ ಬದುಕುತ್ತದೆ. ಪ್ರಪಂಚದಲ್ಲಿ ಸ್ತನ ಕ್ಯಾನ್ಸರಿನ 100ರಲ್ಲಿ ಸುಮಾರು 70 ಈ ಬಗೆಯವು. ಭಾರತದಲ್ಲಿ ಪಾಲು ಸ್ವಲ್ಪ ಕಡಿಮೆ.

ಇದನ್ನು ತಡೆಯಲು ಸ್ಥಳಗಳು ಬೆರಳೆಣಿಕೆಯಷ್ಟು. ಈಸ್ಟ್ರೊಜೆನ್ ಹುಟ್ಟದಂತೆ ಮಾಡಬಹುದು, ಹುಟ್ಟಿದ್ದು ಗುಳಿಯಲ್ಲಿ ಕೂರದಂತೆ ಮಾಡಬಹುದು, ಗ್ರಾಹಕವನ್ನೇ ನಾಶಮಾಡಬಹುದು, ಇಲ್ಲವೇ ಎಚ್ಚೆತ್ತ ಜೀನಿನ ಕೆಲಸವನ್ನು ಮುಂದಿನ ಹಂತದಲ್ಲಿ ತಡೆಯಬಹುದು. ಮಾರುಕಟ್ಟೆಯಲ್ಲಿ ಎಷ್ಟು ಹೆಸರಿನ ಮಾತ್ರೆಗಳಿದ್ದರೂ ಎಲ್ಲ ಈ ನಾಲ್ಕರಲ್ಲಿ ಒಂದು.

ರಿಪೋರ್ಟು ಸರಿ ಇಲ್ಲದಿದ್ದರೆ ಆಯ್ಕೆಯೂ ಸರಿ ಇರದು

ಇಆರ್ ಪರೀಕ್ಷೆಯಲ್ಲಿ ಗಡ್ಡೆಯ ಚೂರಿಗೆ ಬಣ್ಣ ಹಾಕಿ ನೂರರಲ್ಲಿ ಎಷ್ಟು ಕೋಶಕೇಂದ್ರಗಳು ಬಣ್ಣ ಹಿಡಿದವೆಂದು ಎಣಿಸುತ್ತಾರೆ. 1 ಶೇಕಡಾ ಹಿಡಿದರೂ ಪಾಸಿಟಿವ್. 1ರಿಂದ 10ರ ಒಳಗಿದ್ದರೆ ಕಡಿಮೆ ಪಾಸಿಟಿವ್ ಎಂದು ಬರೆಯುತ್ತಾರೆ, ಇಂಥವರಿಗೆ ಹಾರ್ಮೋನ್ ಚಿಕಿತ್ಸೆಯ ಲಾಭ ಅಷ್ಟು ಖಚಿತವಲ್ಲ. ಕೆಲವು ಲ್ಯಾಬುಗಳು ಆಲ್‌ರೆಡ್ ಅಂಕ ಕೊಡುತ್ತವೆ: ಎಷ್ಟು ಕೋಶ ಎಂಬುದಕ್ಕೆ 5ರವರೆಗೆ, ಬಣ್ಣ ಎಷ್ಟು ಗಾಢ ಎಂಬುದಕ್ಕೆ 3ರವರೆಗೆ, ಒಟ್ಟು 8. ಮೊತ್ತ 3 ಅಥವಾ ಮೇಲಿದ್ದರೆ ಪಾಸಿಟಿವ್.

ಪಕ್ಕದಲ್ಲೇ ಇರುವ ಪಿಆರ್ ಸಂಖ್ಯೆಯನ್ನು ಮನೆಯವರು ಗಮನಿಸುವುದು ಕಡಿಮೆ. ಪಿಆರ್ ಎಂದರೆ ಪ್ರೊಜೆಸ್ಟೆರಾನ್ ಗ್ರಾಹಕ, ಇಆರ್ ತಾನೇ ಎಬ್ಬಿಸಿದ ಜೀನಿನ ಫಲ. ಹಾಗಾಗಿ ಇಆರ್ ಮತ್ತು ಪಿಆರ್ ಎರಡೂ ಜೋರಾಗಿದ್ದರೆ ಗ್ರಾಹಕ ಇದೆ ಮಾತ್ರವಲ್ಲ, ಕೆಲಸವನ್ನೂ ಮಾಡುತ್ತಿದೆ ಎಂದರ್ಥ. ಇಆರ್ ಇದ್ದು ಪಿಆರ್ ಸೊನ್ನೆಯಾದರೂ ಮಾತ್ರೆ ಕೊಡುತ್ತಾರೆ, ಕೊಡಲೇಬೇಕು. ಆದರೆ ಅಂಥ ಗಡ್ಡೆ ಸಾಮಾನ್ಯವಾಗಿ ಸ್ವಲ್ಪ ಹಟಮಾರಿ. ಇಆರ್ ನೆಗೆಟಿವ್, ಪಿಆರ್ ಮಾತ್ರ ಪಾಸಿಟಿವ್ ಎಂದು ಬಂದರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಲು ಕೇಳಿ. ತಾಯಿಯಿಲ್ಲದೆ ಮಗು ಬಂದಂತೆ ಅದು; ಬಣ್ಣ ಹಿಡಿಯುವುದರಲ್ಲಿ ತಪ್ಪಾಗಿರುವ ಸಂಭವ ಹೆಚ್ಚು.

ತಪ್ಪು ಎಲ್ಲಿ ಆಗುತ್ತದೆ? ಹೆಚ್ಚಾಗಿ ಲ್ಯಾಬಿನಲ್ಲಲ್ಲ, ಗಡ್ಡೆ ಲ್ಯಾಬಿಗೆ ತಲುಪುವ ದಾರಿಯಲ್ಲಿ. ಊರಿನ ಚಿಕ್ಕ ಆಸ್ಪತ್ರೆಯಲ್ಲಿ ಗಡ್ಡೆ ತೆಗೆದು ಬಾಟಲಿಯನ್ನು ಮನೆಯವರ ಕೈಗೆ ಕೊಟ್ಟು ಮಂಗಳೂರಿಗೋ ತಲಶ್ಶೇರಿಗೋ ಕಳಿಸುವುದುಂಟು. ಆಗ ನೋಡಬೇಕಾದ್ದು ಇಷ್ಟು. ಗಡ್ಡೆ ತೆಗೆದ 1 ಗಂಟೆಯೊಳಗೆ ಅದು, ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಿ ಮುಳುಗಿರಬೇಕು. ಸಲೈನ್ ನೀರಿನಲ್ಲಿ ಇಟ್ಟರೆ ಗ್ರಾಹಕದ ಪ್ರೋಟೀನು ಹಾಳಾಗಿ, ಇರುವ ಇಆರ್ ಇಲ್ಲವೆಂದು ಬರಬಹುದು. ಫಾರ್ಮಲಿನ್ 10 ಶೇಕಡಾದ ಬಫರ್ ಸೇರಿಸಿದ ದ್ರಾವಣವಾಗಿರಬೇಕು, ಚೂರಿನ ಗಾತ್ರದ ಹತ್ತು ಪಾಲಾದರೂ ಇರಬೇಕು. ಇಡೀ ಸ್ತನ ತೆಗೆದಿದ್ದರೆ ಗಡ್ಡೆಯನ್ನು ಸೀಳಿ ಹಾಕಬೇಕು. ಹಾಗೇ ಮುಳುಗಿಸಿದರೆ ದ್ರಾವಣ ಒಳಗೆ ಇಳಿಯುವ ಮೊದಲೇ ನಡುಭಾಗ ಕೊಳೆಯುತ್ತದೆ. ಫಾರ್ಮಲಿನ್‌ನಲ್ಲಿ ಇರಬೇಕಾದ ಅವಧಿ ಕನಿಷ್ಠ 6 ಗಂಟೆ, ಗರಿಷ್ಠ 72. ಶನಿವಾರ ಮಧ್ಯಾಹ್ನ ತೆಗೆದ ಗಡ್ಡೆ ಎರಡು ರಜೆ ಸೇರಿ ಬುಧವಾರ ಲ್ಯಾಬಿಗೆ ಹೋದರೆ ಅವಧಿ ಮೀರಿತು. ಬಾಟಲಿಯ ಮೇಲೆ ಗಡ್ಡೆ ತೆಗೆದ ಹೊತ್ತು, ಫಾರ್ಮಲಿನ್‌ಗೆ ಹಾಕಿದ ಹೊತ್ತು ಎರಡನ್ನೂ ಬರೆಸಿಕೊಳ್ಳಿ.

ರಿಪೋರ್ಟಿನಲ್ಲಿ ಹರ್-2 ಎಂದಿರುವುದು ಕೋಶವನ್ನು ಬೆಳೆಯಲು ತಳ್ಳುವ ಇನ್ನೊಂದು ಪ್ರೋಟೀನು. ಅದರ ಫಲಿತಾಂಶ 3+ ಇದ್ದರೆ ಅದಕ್ಕೆ ಪ್ರತ್ಯೇಕ ಚಿಕಿತ್ಸೆಯೂ ಜೊತೆಗೆ ನಡೆಯುತ್ತದೆ. 2+ ಎಂದರೆ ಉತ್ತರ ಇನ್ನೂ ಬಂದಿಲ್ಲ, ಹರ್-2 ಜೀನನ್ನೇ ಎಣಿಸುವ ಫಿಶ್ ಪರೀಕ್ಷೆ ಬಾಕಿ ಇದೆ ಎಂದರ್ಥ.

"ಆಪರೇಶನ್ ಆಗಿದೆ" ಎಂದರೆ ಯಾವ ಆಪರೇಶನ್?

ಆಯ್ಕೆ ಎಡವುವುದು ಹೆಚ್ಚಾಗಿ ಇಲ್ಲಿ. ಡಾಕ್ಟರು "ಮುಟ್ಟು ನಿಂತಿದೆಯಾ?" ಎಂದು ಕೇಳುತ್ತಾರೆ. 44ರ ಹೆಂಗಸು "ಈಗ ಹೊರಗಾಗುವುದಿಲ್ಲ, ಆಪರೇಶನ್ ಆಗಿದೆ" ಎನ್ನುತ್ತಾರೆ. ನಮ್ಮ ಕಡೆ ಆ ಮಾತಿಗೆ ಸಂತಾನಹರಣ ಶಸ್ತ್ರಕ್ರಿಯೆ ಎಂದೂ ಅರ್ಥ, ಗರ್ಭಕೋಶ ತೆಗೆದದ್ದು ಎಂದೂ ಅರ್ಥ. ಡಾಕ್ಟರು ಮಲಯಾಳದಲ್ಲಿ ಕೇಳಿ, ರೋಗಿ ತುಳುವಿನಲ್ಲಿ ಯೋಚಿಸಿ, ಜೊತೆಗೆ ಬಂದ ಮಗ ಕನ್ನಡದಲ್ಲಿ ನಾಚಿಕೊಂಡು ಹೇಳುವಾಗ ವಿಷಯ ಇನ್ನಷ್ಟು ಮಸುಕಾಗುತ್ತದೆ. ಸಾಧ್ಯವಾದರೆ ಒಬ್ಬ ಹೆಂಗಸು ಜೊತೆಗೆ ಹೋಗಬೇಕು.

ಗರ್ಭಕೋಶ ತೆಗೆದರೆ ಮುಟ್ಟು ನಿಲ್ಲುತ್ತದೆ, ಈಸ್ಟ್ರೊಜೆನ್ ನಿಲ್ಲುವುದಿಲ್ಲ. ಅಂಡಾಶಯಗಳನ್ನು ಉಳಿಸಿದ್ದರೆ ಅವು ಎಂದಿನಂತೆ ಕೆಲಸ ಮಾಡುತ್ತಿರುತ್ತವೆ. ಆದ್ದರಿಂದ ಹಳೆಯ ಡಿಸ್ಚಾರ್ಜ್ ಚೀಟಿ ಹುಡುಕಿ, ಎರಡೂ ಅಂಡಾಶಯ ತೆಗೆದಿದ್ದಾರೆಯೇ ಎಂದು ಓದಿಸಿ. ಚೀಟಿ ಸಿಗದಿದ್ದರೆ ಸ್ಕ್ಯಾನ್ ಮತ್ತು ರಕ್ತಪರೀಕ್ಷೆ.

ಕೀಮೋದಿಂದ ಮುಟ್ಟು ನಿಂತದ್ದು ಇನ್ನೊಂದು ಬಲೆ. 40ರ ಆಸುಪಾಸಿನವರಲ್ಲಿ ಆರು ತಿಂಗಳಿಗೋ ವರ್ಷಕ್ಕೋ ಅಂಡಾಶಯ ಮತ್ತೆ ಏಳಬಹುದು, ಮುಟ್ಟು ಮರಳುವ ಮೊದಲೇ ಈಸ್ಟ್ರಡಯಾಲ್ ಏರಿರಬಹುದು. ಮುಟ್ಟು ಪೂರ್ತಿ ನಿಂತಿದೆ ಎನ್ನಲು ಅಳತೆಗಳಿವೆ: 60 ದಾಟಿರಬೇಕು, ಅಥವಾ ಎರಡೂ ಅಂಡಾಶಯ ತೆಗೆದಿರಬೇಕು, ಅಥವಾ ಕೀಮೋ, ಟ್ಯಾಮಾಕ್ಸಿಫೆನ್ ಯಾವುದೂ ಇಲ್ಲದೆ 12 ತಿಂಗಳು ಮುಟ್ಟಾಗದೆ ಎಫ್‌ಎಸ್‌ಎಚ್ (ಅಂಡಾಶಯವನ್ನು ದುಡಿಸುವ ಹಾರ್ಮೋನು) ಮತ್ತು ಈಸ್ಟ್ರಡಯಾಲ್ ಮಟ್ಟ ಅದಕ್ಕೆ ಹೊಂದಬೇಕು. ಇಷ್ಟು ಖಚಿತವಾಗದೆ ಲೆಟ್ರೊಜೋಲ್ ಒಂದನ್ನೇ ಶುರು ಮಾಡಬಾರದು.

ಟ್ಯಾಮಾಕ್ಸಿಫೆನ್: ಗುಳಿಯಲ್ಲಿ ಬೇರೆಯವರನ್ನು ಕೂರಿಸುವುದು

ದಿನಕ್ಕೆ 20 ಮಿ.ಗ್ರಾಂ, ಒಂದು ಹೊತ್ತು. ಬ್ರಿಟನ್ನಿನಲ್ಲಿ 1973ರಲ್ಲಿ, ಅಮೆರಿಕದಲ್ಲಿ 1977ರಲ್ಲಿ ಬಳಕೆಗೆ ಬಂದ ಹಳೆಯ ಮಾತ್ರೆ, ಹಳತಾದರೂ ಕೈಬಿಟ್ಟಿಲ್ಲ. ಅಂಡಾಶಯ ಕೆಲಸ ಮಾಡುತ್ತಿದ್ದರೂ ಇಲ್ಲದಿದ್ದರೂ ಇದು ನಡೆಯುತ್ತದೆ, ಏಕೆಂದರೆ ಈಸ್ಟ್ರೊಜೆನ್ ಎಷ್ಟಿದೆ ಎಂಬುದರ ಗೊಡವೆಗೆ ಹೋಗದೆ ಗ್ರಾಹಕದ ಗುಳಿಯನ್ನೇ ಆಕ್ರಮಿಸುತ್ತದೆ. ಈ ಅಣುವಿಗೆ ಒಂದು ಉದ್ದದ ಬಾಲವಿದೆ. ಅದು ಹೊರಗೆ ಚಾಚಿಕೊಂಡು 12ನೇ ಸುರುಳಿ ಮುಚ್ಚದಂತೆ ತಡೆಯುತ್ತದೆ. ಮುಚ್ಚಳ ಪಕ್ಕಕ್ಕೆ ಸರಿದು ಸಹಾಯಕರು ಕೂರಬೇಕಾದ ಸೀಳಿನಲ್ಲೇ ಬಿದ್ದುಕೊಳ್ಳುತ್ತದೆ. ಸಹಾಯಕರ ಬದಲು ಜೀನಿನ ಬಾಯಿ ಮುಚ್ಚಿಸುವ ಪ್ರೋಟೀನುಗಳು ಬಂದು ಸೇರುತ್ತವೆ. ಗ್ರಾಹಕ ಡಿಎನ್‌ಎ ಮೇಲೆ ಕೂತೇ ಇರುತ್ತದೆ, ಜೀನು ಮಾತ್ರ ಏಳುವುದಿಲ್ಲ.

ಆದರೆ ಇದು ಸ್ತನದ ಕಥೆ. ಗರ್ಭಕೋಶದ ಒಳಪದರದ ಕೋಶಗಳಲ್ಲಿ ಸಹಾಯಕ ಪ್ರೋಟೀನುಗಳ ಪ್ರಮಾಣವೇ ಬೇರೆ. ಅಲ್ಲಿ ಇದೇ ಟ್ಯಾಮಾಕ್ಸಿಫೆನ್ ಸ್ವಲ್ಪಮಟ್ಟಿಗೆ ಈಸ್ಟ್ರೊಜೆನ್‌ನಂತೆ ವರ್ತಿಸುತ್ತದೆ. ಮುಟ್ಟು ನಿಂತವರ ಮೂಳೆಗೂ ಹಾಗೇ, ಅಲ್ಲಿ ಅದು ಒಳ್ಳೆಯದಾಗುತ್ತದೆ. ಒಂದೇ ಮಾತ್ರೆಯ ಲಾಭ ನಷ್ಟಗಳು ಅಂಗದಿಂದ ಅಂಗಕ್ಕೆ ಬದಲಾಗುವುದರ ಕಾರಣ ಇದು.

5 ವರ್ಷ ಸರಿಯಾಗಿ ತೆಗೆದುಕೊಂಡರೆ ಇಆರ್ ಪಾಸಿಟಿವ್ ಸ್ತನ ಕ್ಯಾನ್ಸರಿನಿಂದಾಗುವ ಸಾವು 15 ವರ್ಷಗಳ ಲೆಕ್ಕದಲ್ಲಿ ಮೂರನೇ ಒಂದರಷ್ಟು ಇಳಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಆ ರಕ್ಷಣೆ ವರ್ಷಗಟ್ಟಲೆ ಉಳಿಯುತ್ತದೆ. 10 ವರ್ಷ ಮುಂದುವರಿಸಿದರೆ ಇನ್ನಷ್ಟು ಲಾಭ, ಗರ್ಭಕೋಶದ ಕ್ಯಾನ್ಸರಿನ ಅಪಾಯವೂ ಇನ್ನಷ್ಟು. ಹಾಗಾಗಿ 10 ವರ್ಷ ಎಲ್ಲರಿಗೂ ಬೇಡ. ಕಂಕುಳ ಗಂಟುಗಳಿಗೆ ಹರಡಿದ್ದವರು, ಗಡ್ಡೆ ದೊಡ್ಡದಿದ್ದವರು ಕೇಳಬೇಕಾದ ಮಾತು.

ತೊಂದರೆಗಳಲ್ಲಿ ದಿನನಿತ್ಯದ್ದು ಮೈಗೆ ಬಿಸಿ ಏರಿ ಬೆವರುವುದು, ಬಿಳಿ ಹೋಗುವುದು. ಅಪರೂಪವಾದರೂ ಕಾಯದೆ ಓಡಬೇಕಾದವು ಎರಡು. ಒಂದೇ ಕಾಲು ಊದಿ ಮೀನಖಂಡ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು: ರಕ್ತ ಹೆಪ್ಪುಗಟ್ಟಿದ ಲಕ್ಷಣ, ಅದೇ ಹೊತ್ತಿಗೆ ಆಸ್ಪತ್ರೆ. ಮುಟ್ಟು ನಿಂತವರಲ್ಲಿ ಒಂದು ಹನಿ ರಕ್ತ ಕಂಡರೂ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಲಕ್ಷಣವೇ ಇಲ್ಲದಿದ್ದಾಗ ಸುಮ್ಮನೆ ವರ್ಷವರ್ಷ ಗರ್ಭಕೋಶದ ಸ್ಕ್ಯಾನ್ ಮಾಡಿಸುವುದು ಒಳ್ಳೆಯದಲ್ಲ. ಟ್ಯಾಮಾಕ್ಸಿಫೆನ್ ನುಂಗುವವರಲ್ಲಿ ಒಳಪದರ ದಪ್ಪ ಕಾಣುವುದು ಸಾಮಾನ್ಯ, ಅದನ್ನು ನೋಡಿ ಹೆದರಿ ಅನಗತ್ಯವಾಗಿ ಕೆರೆಸಿಕೊಂಡವರು, ಗರ್ಭಕೋಶವನ್ನೇ ತೆಗೆಸಿಕೊಂಡವರು ಇದ್ದಾರೆ. ಮಂಡಿ, ಸೊಂಟದಂಥ ದೊಡ್ಡ ಶಸ್ತ್ರಕ್ರಿಯೆ ಇದ್ದರೆ ಎರಡು ಮೂರು ವಾರ ಮೊದಲೇ ಡಾಕ್ಟರಿಗೆ ಹೇಳಿ. ಹೆಪ್ಪುಗಟ್ಟುವ ಅಪಾಯಕ್ಕಾಗಿ ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ.

ಮುಟ್ಟು ಏರುಪೇರಾದರೂ ಗರ್ಭ ನಿಲ್ಲಬಹುದು, ಮಾತ್ರೆ ಹುಟ್ಟುವ ಮಗುವಿಗೆ ಹಾನಿ ಮಾಡುತ್ತದೆ. ತಡೆಗೆ ಕಾಪರ್-ಟಿ ಅಥವಾ ನಿರೋಧ್ ಸಾಕು. ಹಾರ್ಮೋನಿನ ಗರ್ಭನಿರೋಧಕ ಮಾತ್ರೆ ಕೂಡದು. ಮಗು ಬೇಕೆಂಬ ಆಸೆ ಇದ್ದರೆ ಮುಚ್ಚಿಡಬೇಡಿ. 18ರಿಂದ 30 ತಿಂಗಳ ಚಿಕಿತ್ಸೆಯ ಬಳಿಕ ಗರ್ಭಕ್ಕಾಗಿ ಎರಡು ವರ್ಷದವರೆಗೆ ಬಿಡುವು ಕೊಟ್ಟು ಮತ್ತೆ ಶುರು ಮಾಡುವ ಕ್ರಮದ ಮೇಲೆ ನಡೆದ ಪ್ರಯೋಗದ ಫಲ 2023ರಲ್ಲಿ ಬಂದಿದೆ, ಅಲ್ಪಾವಧಿಯಲ್ಲಿ ಕಾಯಿಲೆ ಮರಳುವುದು ಅದರಿಂದ ಹೆಚ್ಚಾಗಲಿಲ್ಲ.

ಇನ್ನೊಂದು ಮಾತು, ಔಷಧಗಳ ಜಗಳದ ಬಗ್ಗೆ. ಟ್ಯಾಮಾಕ್ಸಿಫೆನ್ ನೇರವಾಗಿ ಕೆಲಸ ಮಾಡುವುದು ಕಡಿಮೆ. ಯಕೃತ್ತಿನ ಸಿವೈಪಿ2ಡಿ6 ಎಂಬ ಕಿಣ್ವ ಅದನ್ನು ಎಂಡಾಕ್ಸಿಫೆನ್ ಆಗಿ ಬದಲಿಸಬೇಕು, ಗುಳಿಯನ್ನು ಗಟ್ಟಿಯಾಗಿ ಹಿಡಿಯುವುದು ಅದೇ. ಖಿನ್ನತೆಗೆ, ಆತಂಕಕ್ಕೆ ಕೊಡುವ ಪ್ಯಾರೊಕ್ಸೆಟಿನ್, ಫ್ಲುವಾಕ್ಸೆಟಿನ್, ಬ್ಯುಪ್ರೊಪಿಯಾನ್ ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಮನೋವೈದ್ಯರಿಗೆ ಟ್ಯಾಮಾಕ್ಸಿಫೆನ್ ಇದೆಯೆಂದು ಹೇಳಿದರೆ ವೆನ್ಲಾಫಾಕ್ಸಿನ್‌ನಂಥ ಬೇರೆಯದನ್ನು ಕೊಡುತ್ತಾರೆ, ಮೈಗೆ ಬಿಸಿ ಏರುವುದೂ ಅದರಿಂದ ತಗ್ಗುತ್ತದೆ. ಅಡುಗೆಯ ಅರಸಿನಕ್ಕೆ ಹೆದರಬೇಕಾಗಿಲ್ಲ. ಆದರೆ ಕರಿಮೆಣಸಿನ ಸತ್ವ ಸೇರಿಸಿದ ಕರ್ಕ್ಯುಮಿನ್ ಕ್ಯಾಪ್ಸೂಲುಗಳು ರಕ್ತದಲ್ಲಿ ಎಂಡಾಕ್ಸಿಫೆನ್ ಮಟ್ಟವನ್ನು ಇಳಿಸುವುದು ಪರೀಕ್ಷೆಯಲ್ಲಿ ಕಂಡಿದೆ, ಅವನ್ನು ಬಿಡಿ.

ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸಿಮೆಸ್ಟೇನ್: ಹುಟ್ಟುವಲ್ಲೇ ತಡೆ

ಮುಟ್ಟು ನಿಂತ ಮೇಲೂ ಮೈಯಲ್ಲಿ ಈಸ್ಟ್ರೊಜೆನ್ ಇರುತ್ತದೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ಹೊರಬಿಡುವ ಗಂಡು ಜಾತಿಯ ಹಾರ್ಮೋನನ್ನು ಕೊಬ್ಬು, ಸ್ನಾಯು, ಚರ್ಮ, ಸ್ವತಃ ಸ್ತನದ ಕೋಶಗಳು ಅರೊಮಟೇಸ್ ಕಿಣ್ವದಿಂದ ಈಸ್ಟ್ರೊಜೆನ್ ಮಾಡುತ್ತವೆ. ಈ ಮೂರು ಮಾತ್ರೆಗಳು ಆ ಕಿಣ್ವವನ್ನು ನಿಲ್ಲಿಸುತ್ತವೆ. ಗುಳಿ ಖಾಲಿ ಬೀಳುತ್ತದೆ.

ಅಂಡಾಶಯ ಕೆಲಸ ಮಾಡುತ್ತಿರುವವರು ಇದನ್ನು ಒಂಟಿಯಾಗಿ ನುಂಗಿದರೆ? ಈಸ್ಟ್ರೊಜೆನ್ ಇಳಿದದ್ದು ಮೆದುಳಿಗೆ ತಿಳಿದು ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್ ಹೆಚ್ಚು ಹೆಚ್ಚು ಕಳಿಸುತ್ತದೆ, ಅಂಡಾಶಯ ದುಪ್ಪಟ್ಟು ದುಡಿಯುತ್ತದೆ. ಮಕ್ಕಳಾಗದವರಿಗೆ ಅಂಡ ಬಲಿಯಲೆಂದು ಇದೇ ಲೆಟ್ರೊಜೋಲ್ ಕೊಡುವುದು ಈ ಕಾರಣಕ್ಕೆ. ಕ್ಯಾನ್ಸರ್ ತಡೆಯಲು ನುಂಗಿದ ಮಾತ್ರೆ ಕ್ಯಾನ್ಸರಿಗೆ ಉಣಿಸು ಕೊಟ್ಟಂತಾಗುತ್ತದೆ. ಮೊದಲು ಹೇಳಿದ ತಿರುಗುಬಾಣ ಇದು.

ಮುಟ್ಟು ಖಚಿತವಾಗಿ ನಿಂತವರಿಗೆ ಮಾತ್ರ ಇವು ಟ್ಯಾಮಾಕ್ಸಿಫೆನ್‌ಗಿಂತ ಒಂದು ಕೈ ಮೇಲು. 2015ರಲ್ಲಿ ಸುಮಾರು 32,000 ಹೆಂಗಸರ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, 5 ವರ್ಷ ಇವನ್ನು ತೆಗೆದುಕೊಂಡವರಲ್ಲಿ 10 ವರ್ಷಕ್ಕೆ ಸ್ತನ ಕ್ಯಾನ್ಸರಿನಿಂದ ಸತ್ತವರು 12.1 ಶೇಕಡಾ, ಟ್ಯಾಮಾಕ್ಸಿಫೆನ್‌ನವರಲ್ಲಿ 14.2. ಗರ್ಭಕೋಶದ ಕ್ಯಾನ್ಸರ್ 0.4 ಮತ್ತು 1.2. ಮೂಳೆಮುರಿತ ಮಾತ್ರ ತಿರುವುಮುರುವು, 5 ವರ್ಷಕ್ಕೆ 8.2 ಮತ್ತು 5.5. ಅಂತರ ನಿಜ, ಆದರೆ ನೂರರಲ್ಲಿ ಎರಡು. ಮೂಳೆ ತೀರಾ ಸವೆದ 75ರ ಅಜ್ಜಿಗೆ ಟ್ಯಾಮಾಕ್ಸಿಫೆನ್ ಕೊಟ್ಟರೆ ಅದು ಎರಡನೇ ದರ್ಜೆಯ ಚಿಕಿತ್ಸೆ ಎಂದು ಮನೆಯವರು ಕೊರಗಬೇಕಾಗಿಲ್ಲ. ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಟ್ಯಾಮಾಕ್ಸಿಫೆನ್ ದೂರವೇ ಇರಲಿ.

ಮೂರರಲ್ಲಿ ಯಾವುದು? ಲೆಟ್ರೊಜೋಲ್ 2.5 ಮಿ.ಗ್ರಾಂ, ಅನಾಸ್ಟ್ರೊಜೋಲ್ 1 ಮಿ.ಗ್ರಾಂ, ಎಕ್ಸಿಮೆಸ್ಟೇನ್ 25 ಮಿ.ಗ್ರಾಂ, ಎಲ್ಲ ದಿನಕ್ಕೊಂದು. ಫಲದಲ್ಲಿ ಹೆಚ್ಚುಕಡಿಮೆ ಒಂದೇ. ಎಕ್ಸಿಮೆಸ್ಟೇನ್ ಊಟದ ನಂತರವೇ ಆಗಬೇಕು, ಬರಿಹೊಟ್ಟೆಯಲ್ಲಿ ಸರಿಯಾಗಿ ಹೀರುವುದಿಲ್ಲ. ಇದು ಸ್ಟಿರಾಯ್ಡ್ ರಚನೆಯದು, ಸಾಮಾನ್ಯ ಲ್ಯಾಬಿನ ಈಸ್ಟ್ರಡಯಾಲ್ ಪರೀಕ್ಷೆ ಇದನ್ನೇ ಈಸ್ಟ್ರಡಯಾಲ್ ಎಂದು ತಪ್ಪಾಗಿ ಎಣಿಸಬಹುದು. ಮಟ್ಟ ಅಳೆಯಬೇಕಾದರೆ ಮಾಸ್ ಸ್ಪೆಕ್ಟ್ರೊಮೆಟ್ರಿ ವಿಧಾನದ ಪರೀಕ್ಷೆ ಕೇಳಿ.

ಇವುಗಳ ದೊಡ್ಡ ಕಾಟ ಗಂಟುನೋವು. ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದು. ಬೀಡಿ ಕಟ್ಟುವವರಿಗೆ, ಅಡಿಕೆ ಸುಲಿಯುವವರಿಗೆ ಇದು ದಿನದ ಸಂಪಾದನೆಯ ಪ್ರಶ್ನೆ. ಹೇಳದೆ ಕೇಳದೆ ಮಾತ್ರೆ ಬಿಟ್ಟುಬಿಡುವುದಕ್ಕೆ ಮುಖ್ಯ ಕಾರಣವೂ ಇದೇ. ಬಿಡುವ ಮೊದಲು ಹೇಳಿ, ದಾರಿಗಳಿವೆ. ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ ನೋವನ್ನು ನಿಜವಾಗಿ ತಗ್ಗಿಸುತ್ತದೆ. ಎರಡರಿಂದ ನಾಲ್ಕು ವಾರ ನಿಲ್ಲಿಸಿ ಮೂರರಲ್ಲಿ ಇನ್ನೊಂದಕ್ಕೆ ಬದಲಾಯಿಸಿದರೆ ಎಷ್ಟೋ ಜನರಿಗೆ ತಡೆದುಕೊಳ್ಳಬಹುದಾದಷ್ಟಾಗುತ್ತದೆ. ಅದೂ ಆಗದಿದ್ದರೆ ಟ್ಯಾಮಾಕ್ಸಿಫೆನ್‌ಗೆ ತಿರುಗಬಹುದು. ಅರ್ಧಕ್ಕೆ ಬಿಟ್ಟ ಲೆಟ್ರೊಜೋಲಿಗಿಂತ ಐದು ವರ್ಷ ಪೂರೈಸಿದ ಟ್ಯಾಮಾಕ್ಸಿಫೆನ್ ಮೇಲು.

ಮೂಳೆಯ ವಿಷಯದಲ್ಲಿ ಮೊದಲ ಮಾತ್ರೆಗೆ ಮುಂಚೆಯೇ ಅದರ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಲಿ, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ಮಾಡುವ ಪರೀಕ್ಷೆ ಇದಕ್ಕೆ ಬದಲಿಯಲ್ಲ. ಊಟ ಮತ್ತು ಮಾತ್ರೆ ಸೇರಿ ದಿನಕ್ಕೆ 1,000ದಿಂದ 1,200 ಮಿ.ಗ್ರಾಂ ಕ್ಯಾಲ್ಸಿಯಂ, 800ರಿಂದ 1,000 ಯೂನಿಟ್ ವಿಟಮಿನ್ ಡಿ ಬೇಕು. ರಾಗಿ, ಎಳ್ಳು, ನುಗ್ಗೆಸೊಪ್ಪು, ಮುಳ್ಳು ಸಮೇತ ಅಗಿಯುವ ಸಣ್ಣ ಬೂತಾಯಿ ಲೆಕ್ಕಕ್ಕೆ ಬರುತ್ತವೆ. ಥೈರಾಯ್ಡ್ ಮಾತ್ರೆ ಇದ್ದರೆ ಕ್ಯಾಲ್ಸಿಯಂಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಮೂಳೆ ಸವೆತ ಹೆಚ್ಚಿದ್ದರೆ ಆರು ತಿಂಗಳಿಗೊಮ್ಮೆ 4 ಮಿ.ಗ್ರಾಂ ಜೋಲೆಡ್ರೊನಿಕ್ ಆಮ್ಲದ ಡ್ರಿಪ್ ಕೊಡುತ್ತಾರೆ. ಹಲ್ಲು ಕೀಳಿಸುವುದಿದ್ದರೆ ಅದಕ್ಕೆ ಮೊದಲೇ ಕೀಳಿಸಿ. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸುವುದನ್ನೂ ಈ ಚಿಕಿತ್ಸೆಯ ಭಾಗವೆಂದೇ ತಿಳಿಯಬೇಕು. ಜಾರಿ ಬಿದ್ದು ಸೊಂಟ ಮುರಿದರೆ ಹಾಸಿಗೆಯಿಂದ ಏಳುವುದು ಕಷ್ಟ.

ಅಂಡಾಶಯವನ್ನು ಸುಮ್ಮನಾಗಿಸುವುದು: ಸೂಜಿಯೋ, ಶಸ್ತ್ರಕ್ರಿಯೆಯೋ

ಮುಟ್ಟಾಗುತ್ತಿರುವ ಎಲ್ಲರಿಗೂ ಇದು ಬೇಡ. ಗಡ್ಡೆ ಚಿಕ್ಕದಿದ್ದು ಅಪಾಯ ಕಡಿಮೆ ಇದ್ದರೆ ಟ್ಯಾಮಾಕ್ಸಿಫೆನ್ ಒಂದೇ ಸಾಕು. ಕೀಮೋ ಬೇಕಾಗುವಷ್ಟು ಅಪಾಯವಿದ್ದವರಿಗೆ, ಅದರಲ್ಲೂ 35ಕ್ಕಿಂತ ಕಿರಿಯರಿಗೆ, ಅಂಡಾಶಯ ನಿಲ್ಲಿಸಿ ಜೊತೆಗೆ ಎಕ್ಸಿಮೆಸ್ಟೇನ್‌ನಂಥ ಮಾತ್ರೆ ಕೊಡುವುದರಿಂದ ಸ್ಪಷ್ಟ ಲಾಭವಿದೆ.

ಈ ದಾರಿ ಹೊಸದಲ್ಲ. ಹಾರ್ಮೋನು ಎಂಬ ಪದವೇ ಹುಟ್ಟುವ ಮೊದಲು, 1896ರಲ್ಲಿ, ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದಾಗ ಸ್ತನದ ಗಡ್ಡೆ ಕರಗಿದ್ದನ್ನು ವರದಿ ಮಾಡಿದ್ದರು.

ಸೂಜಿಯೆಂದರೆ ಗೊಸೆರೆಲಿನ್ 3.6 ಮಿ.ಗ್ರಾಂ, ಹೊಟ್ಟೆಯ ಚರ್ಮದಡಿ, 28 ದಿನಕ್ಕೊಮ್ಮೆ. ತಿಂಗಳಿಗೊಮ್ಮೆ ಎಂದು ಬಾಯಲ್ಲಿ ಹೇಳುತ್ತಾರೆ, ಆದರೆ ಲೆಕ್ಕ ನಾಲ್ಕು ವಾರದ್ದು, ವರ್ಷಕ್ಕೆ 13. ಪ್ರತಿ ತಿಂಗಳ 5ನೇ ತಾರೀಕು ಎಂದು ಇಟ್ಟುಕೊಂಡರೆ ಎರಡು ಮೂರು ದಿನ ತಪ್ಪುತ್ತಾ ಹೋಗುತ್ತದೆ. ವಾರ ಹಿಡಿಯಿರಿ: ಮಂಗಳವಾರ ಶುರುವಾದರೆ ಪ್ರತಿ ನಾಲ್ಕನೇ ಮಂಗಳವಾರ. ಮೊದಲ ಒಂದೆರಡು ವಾರ ಹಾರ್ಮೋನು ಇಳಿಯುವ ಬದಲು ಏರುತ್ತದೆ, ಒಮ್ಮೆ ಮುಟ್ಟಾಗಬಹುದು. ಅದು ಔಷಧ ಸೋತ ಲಕ್ಷಣವಲ್ಲ. ಪಿಟ್ಯುಟರಿಯನ್ನು ಎಡೆಬಿಡದೆ ತಟ್ಟಿ ತಟ್ಟಿ ದಣಿಸುವುದು ಇದರ ಕ್ರಮ. ಆದ್ದರಿಂದ ಲೆಟ್ರೊಜೋಲ್ ಬಗೆಯ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಕಳೆದ ಮೇಲೆ ಸೇರಿಸುತ್ತಾರೆ. ಕಿರಿಯ ವಯಸ್ಸಿನ ಕೆಲವರಲ್ಲಿ ಅಂಡಾಶಯ ಪೂರ್ತಿ ಮಣಿಯುವುದಿಲ್ಲ. ನಡುವೆ ಮುಟ್ಟಾದರೆ ಆ ದಿನವೇ ತಿಳಿಸಿ.

ಶಸ್ತ್ರಕ್ರಿಯೆ, ಎಂದರೆ ದುರ್ಬೀನಿನ ಮೂಲಕ ಎರಡೂ ಅಂಡಾಶಯ ತೆಗೆಯುವುದು, ಒಮ್ಮೆ ಮಾಡಿದರೆ ಮುಗಿಯಿತು. ಐದು ವರ್ಷದ 65 ಸೂಜಿ, ಪ್ರತಿಸಲದ ಪ್ರಯಾಣ, ತಪ್ಪಿದ ದಿನದ ಆತಂಕ ಯಾವುದೂ ಇಲ್ಲ. ಆದರೆ ಹಿಂದಿರುಗುವ ದಾರಿಯೂ ಇಲ್ಲ. 45 ದಾಟಿ, ಮಕ್ಕಳಾಗಿ, ಪೆರ್ಲ ಬಾಯಾರಿನಂಥ ಕಡೆಯಿಂದ ಪ್ರತಿ ಸಲ ಬಸ್ಸು ಬದಲಿಸಿ ಹೋಗಬೇಕಾದವರಿಗೆ ಇದನ್ನು ಗಂಭೀರವಾಗಿ ಯೋಚಿಸಬಹುದು. ಬಿಆರ್‌ಸಿಎ ಜೀನಿನ ದೋಷ ಇದೆಯೆಂದು ಗೊತ್ತಾದವರಿಗೆ ಇನ್ನೂ ಹೆಚ್ಚು, ಅಂಡಾಶಯದ ಕ್ಯಾನ್ಸರಿನ ಭಯವೂ ಇಳಿಯುತ್ತದೆ. 30ರ ಹುಡುಗಿಗೆ ಮೊದಲು ಸೂಜಿಯೇ ಸರಿ. ಮೈ ಹೇಗೆ ತಾಳುತ್ತದೆ ನೋಡಿ ಮುಂದಿನದ್ದು.

ಬೇರೆ ಅಂಗಕ್ಕೆ ಹರಡಿದ್ದರೆ

ಇಲ್ಲಿ ಒಂದು ಮಾತ್ರೆ ಸಾಲದು. ಈಸ್ಟ್ರೊಜೆನ್ ಎಬ್ಬಿಸಿದ ಸೈಕ್ಲಿನ್ ಡಿ1 ಕೈಜೋಡಿಸುವುದು ಸಿಡಿಕೆ4, ಸಿಡಿಕೆ6 ಎಂಬ ಕಿಣ್ವಗಳ ಜೊತೆ. ಕೋಶ ಇಬ್ಭಾಗವಾಗಲು ಹೊರಡುವುದು ಆಗ. ಆ ಕಿಣ್ವಗಳನ್ನು ಹಿಡಿಯುವ ಮಾತ್ರೆಯನ್ನು ಲೆಟ್ರೊಜೋಲ್ ಜೊತೆ ಕೊಡುತ್ತಾರೆ. ಪಾಲ್ಬೊಸಿಕ್ಲಿಬ್ 125 ಮಿ.ಗ್ರಾಂ ಅಥವಾ ರೈಬೊಸಿಕ್ಲಿಬ್ 600 ಮಿ.ಗ್ರಾಂ, 21 ದಿನ ತಿಂದು 7 ದಿನ ಬಿಡುವು. ಅಬೆಮಾಸಿಕ್ಲಿಬ್ 150 ಮಿ.ಗ್ರಾಂ ದಿನಕ್ಕೆರಡು, ಬಿಡುವಿಲ್ಲದೆ. ಮೊದಲೆರಡಕ್ಕೆ ಬಿಳಿ ರಕ್ತಕಣ ಇಳಿಯುತ್ತದೆ, ಆರಂಭದ ಎರಡು ಸುತ್ತುಗಳಲ್ಲಿ ಎರಡು ವಾರಕ್ಕೊಮ್ಮೆ ರಕ್ತಪರೀಕ್ಷೆ ತಪ್ಪಿಸಬಾರದು. ರೈಬೊಸಿಕ್ಲಿಬ್‌ಗೆ ಇಸಿಜಿಯೂ ಬೇಕು. ಅಬೆಮಾಸಿಕ್ಲಿಬ್ ಭೇದಿ ಮಾಡಿಸುತ್ತದೆ, ಲೋಪೆರಮೈಡ್ ಮನೆಯಲ್ಲಿರಲಿ. ಗ್ರೇಪ್‌ಫ್ರೂಟ್ ಈ ಔಷಧಗಳ ಮಟ್ಟವನ್ನು ಏರಿಸುತ್ತದೆ. ಹಿತ್ತಲಿನ ಚಕ್ಕೋತ ಅದರ ಹತ್ತಿರದ ನೆಂಟ, ಅದನ್ನೂ ಬಿಡುವುದು ಕ್ಷೇಮ. 2023ರಿಂದ ಭಾರತೀಯ ಕಂಪನಿಗಳ ಪಾಲ್ಬೊಸಿಕ್ಲಿಬ್ ಬಂದು ಬೆಲೆ ಬಹಳ ಇಳಿದಿದೆ. ಹಳೆಯ ಬೆಲೆ ಕೇಳಿ ಆಸೆ ಬಿಟ್ಟವರು ಮತ್ತೊಮ್ಮೆ ವಿಚಾರಿಸಬೇಕು.

ಲೆಟ್ರೊಜೋಲ್ ವರ್ಷಗಟ್ಟಲೆ ನಡೆದು ಆಮೇಲೆ ಕೆಲಸ ನಿಲ್ಲಿಸಿದರೆ ಕಾರಣ ಬಹಳ ಸಲ ಗ್ರಾಹಕದಲ್ಲೇ ಇರುತ್ತದೆ. 595 ಅಮೈನೊ ಆಮ್ಲಗಳಲ್ಲಿ 537ನೆಯದೋ 538ನೆಯದೋ ಒಂದು ಬದಲಾದರೆ ಸಾಕು, ಗುಳಿ ಖಾಲಿ ಇದ್ದರೂ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದೆ, ಜೀನು ಎಚ್ಚರವಾಗಿಯೇ ಇರುತ್ತದೆ. ಇನ್ನು ಈಸ್ಟ್ರೊಜೆನ್ ತಡೆದು ಏನು ಫಲ? ರಕ್ತದಲ್ಲೇ ಈ ಬದಲಾವಣೆಯನ್ನು ಪತ್ತೆಮಾಡಬಹುದು. ಇಂಥಲ್ಲಿ ಗ್ರಾಹಕವನ್ನೇ ಕೋಶದ ಕಸದಬುಟ್ಟಿಗೆ ಕಳಿಸುವ ಫುಲ್ವೆಸ್ಟ್ರಂಟ್ ಬೇಕಾಗುತ್ತದೆ: 500 ಮಿ.ಗ್ರಾಂ, ಎರಡೂ ಪೃಷ್ಠಕ್ಕೆ 5 ಮಿ.ಲೀ.ಯಂತೆ, ಒಂದೊಂದನ್ನೂ ಒಂದೆರಡು ನಿಮಿಷ ಹಿಡಿದು ನಿಧಾನವಾಗಿ. 1ನೇ, 15ನೇ, 29ನೇ ದಿನ, ಆಮೇಲೆ ತಿಂಗಳಿಗೊಮ್ಮೆ. ಇದೇ ಜಾತಿಯ ಬಾಯಿಯ ಮಾತ್ರೆ ಎಲಾಸೆಸ್ಟ್ರಂಟ್‌ಗೆ ಅಮೆರಿಕದಲ್ಲಿ 2023ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು.

ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ, ಹೆಚ್ಚಾಗಿ ಇಆರ್ ಪಾಸಿಟಿವ್. ಅವರಿಗೆ ಮೊದಲ ಆಯ್ಕೆ ಟ್ಯಾಮಾಕ್ಸಿಫೆನ್.

ದಿನ ತಪ್ಪಿದರೆ, ಗಡಿ ದಾಟಬೇಕಾದರೆ

ಟ್ಯಾಮಾಕ್ಸಿಫೆನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಐದಾರು ದಿನ ಬೇಕು, ಲೆಟ್ರೊಜೋಲ್‌ಗೆ ಸುಮಾರು ಎರಡು ದಿನ, ಎಕ್ಸಿಮೆಸ್ಟೇನ್‌ಗೆ ಒಂದು ದಿನ. ಒಂದು ಹೊತ್ತು ಮರೆತರೆ ಗಾಬರಿ ಬೇಡ, ಮರುದಿನ ಎರಡು ನುಂಗುವುದೂ ಬೇಡ. ಕೆಡುವುದು ವಾರಗಟ್ಟಲೆ ಬಿಟ್ಟಾಗ. ಸೂಜಿಗೆ ಈ ರಿಯಾಯಿತಿ ಇಲ್ಲ: ಲೆಟ್ರೊಜೋಲ್ ಜೊತೆಗಿರುವಾಗ ಸೂಜಿ ತಡವಾದರೆ ಅಂಡಾಶಯ ಎದ್ದು, ಮಾತ್ರೆ ಅದನ್ನು ಇನ್ನೂ ಹುರಿದುಂಬಿಸುತ್ತದೆ.

ಕಾಸರಗೋಡಿನಿಂದ ಮಂಗಳೂರು 50 ಕಿ.ಮೀ., ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ 100ಕ್ಕೂ ಹೆಚ್ಚು. ಹತ್ತಿರವೆಂದು ಮಂಗಳೂರಿಗೆ ಹೋಗುವವರೇ ಬಹಳ. ಕೇರಳದ ಆರೋಗ್ಯ ಕಾರ್ಡು ಅಲ್ಲಿನ ಆಸ್ಪತ್ರೆಯಲ್ಲಿ, ಈ ಔಷಧಕ್ಕೆ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಐದು ವರ್ಷದ ಮಾತ್ರೆಗಾಗಿ ಗಡಿ ದಾಟಬೇಕೆಂದಿಲ್ಲ. ಚಿಕಿತ್ಸೆ ಒಂದು ಕಡೆ ನಡೆದರೂ ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ಕಾರುಣ್ಯ ಮತ್ತು ಜನೌಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ವಿಚಾರಿಸಬಹುದು. ಚೀಟಿಯಲ್ಲಿ ಬ್ರಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ರೋಗಿಗಳ ಆಂಬುಲೆನ್ಸಿಗೂ ದಾರಿ ಸಿಗಲಿಲ್ಲ. ಎರಡು ತಿಂಗಳ ಮಾತ್ರೆ ಮನೆಯಲ್ಲಿ ಕೂಡಿಟ್ಟಿರುವುದು, ಸೂಜಿ ಚುಚ್ಚಬಲ್ಲ ಒಂದು ಆಸ್ಪತ್ರೆಯನ್ನು ಗಡಿಯ ಈ ಬದಿಯಲ್ಲೂ ಗೊತ್ತುಮಾಡಿಕೊಂಡಿರುವುದು ಆಗಿನಿಂದ ಕಲಿಯಬೇಕಾದ ಪಾಠ. ಗೊಸೆರೆಲಿನ್ 25 ಡಿಗ್ರಿಯೊಳಗೆ ಇರಬೇಕು, ಏಪ್ರಿಲ್ ತಿಂಗಳ ಬಸ್ಸಿನಲ್ಲಿ ಕೈಚೀಲದಲ್ಲಿ ಹಾಗೇ ಒಯ್ಯಬೇಡಿ. ಫುಲ್ವೆಸ್ಟ್ರಂಟ್ 2ರಿಂದ 8 ಡಿಗ್ರಿಯಲ್ಲಿ, ಐಸ್ ಪ್ಯಾಕ್ ಇರುವ ಡಬ್ಬಿಯಲ್ಲಿ. ಮಂಜುಗಡ್ಡೆಗೆ ನೇರ ತಾಗಿ ಹೆಪ್ಪುಗಟ್ಟಬಾರದು.

ಫೈಲಿನಲ್ಲಿ ಕಾಗದ ಮಾತ್ರ ಸಾಲದು. ಗಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕು ಲ್ಯಾಬಿನಲ್ಲಿರುತ್ತದೆ, ಬರೆದುಕೊಟ್ಟು ಕೇಳಿದರೆ ಕೊಡುತ್ತಾರೆ. ವರ್ಷಗಳ ನಂತರ ಕಾಯಿಲೆ ಮರಳಿದರೆ ಹೊಸ ಗಡ್ಡೆಯ ಇಆರ್ ಹಳೆಯದರಂತೆಯೇ ಇರಬೇಕೆಂದಿಲ್ಲ. ಹೊಸ ಬಯಾಪ್ಸಿ ಬೇಕು, ಪಕ್ಕದಲ್ಲಿಟ್ಟು ನೋಡಲು ಹಳೆಯ ಬ್ಲಾಕೂ ಬೇಕು. ಅದನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಬ್ಲಾಕಿನ ನಂಬರು ಬರೆದು ಮನೆಯ ತಂಪಾದ ಕಪಾಟಿನಲ್ಲಿಡಿ. ಅಟ್ಟದ ಮೇಲೆ ಹೆಂಚಿನಡಿ ಬೇಡ, ಬಿಸಿಲಿಗೆ ನಿಂತ ಕಾರಿನೊಳಗೆ ಬೇಡ, ಮೇಣ ಮೆತ್ತಗಾಗಿ ಚೂರು ಕೆಡುತ್ತದೆ.